ಗೃಹಿಣಿಯರ ಪುಟ: ಕತ್ತರಿಗೆ ಮುಂಚೆ ನೀರು

ಕುರ್ಲಾದ ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಸಾಗಿಸುವ ಸೋದರಿಯರಿಗೆ ಪರದೆಯೆಂಬುದು ಬರಿಯ ಅಲಂಕಾರವಲ್ಲ. ಅದೇ ಅವರ ಗೋಡೆ. ಈಚೆಗೆ ಅಡಿಗೆ, ಆಚೆಗೆ ಮಕ್ಕಳ ಪಾಠ. ಬೆಳೆದ ಮಗಳು ಸೀರೆ ಉಡುವುದಕ್ಕೂ, ಬಾಣಂತಿ ಮಗುವಿಗೆ ಹಾಲೂಡುವುದಕ್ಕೂ ಮರೆ ಅದೊಂದೇ. ಅಂಥ ಪರದೆ ಮೊದಲ ಒಗೆತಕ್ಕೇ ನಾಲ್ಕು ಬೆರಳು ಮೇಲಕ್ಕೇರಿದರೆ, ಹಣ ಹೋಯಿತೆಂಬುದಕ್ಕಿಂತ ಮರೆ ಹೋಯಿತೆಂಬ ಚಿಂತೆಯೇ ದೊಡ್ಡದು.

ಬಟ್ಟೆಯ ವಿಚಾರ ಕುರ್ಲಾಕ್ಕೆ ಹೊಸತೇನಲ್ಲ. ಜಮಶೇಟಜಿ ಟಾಟಾ ಅವರು 1886ರಲ್ಲಿ ಇಲ್ಲಿಯ ಧರಮಸಿ ಗಿರಣಿಯನ್ನು ಕೊಂಡು ಅದಕ್ಕೆ 'ಸ್ವದೇಶಿ' ಎಂದು ಹೆಸರಿಟ್ಟರು. ಆ ಗಿರಣಿ ಇಂದು ನಿಂತುಹೋಗಿದೆ. ಹತ್ತಿಬಟ್ಟೆಯ ರೂಢಿ ಮಾತ್ರ ನಮ್ಮ ಕೈಯಲ್ಲಿ ಉಳಿದಿದೆ. ಆದರೆ ಲಿನನ್ ಹತ್ತಿಯಲ್ಲ; ಅಗಸೆ ಗಿಡದ ಕಾಂಡದ ನಾರಿನಿಂದ ನೇಯ್ದದ್ದು. ಒದ್ದೆಯಾದಾಗ ಅದಕ್ಕೆ ಬಲ ಹೆಚ್ಚು. ಒಣಗಿದ ಮೇಲೆ ಒಂದೇ ಮಡಿಕೆಯಲ್ಲಿ ಬಹುಕಾಲ ಇಟ್ಟರೆ ಅಲ್ಲಿಯೇ ಸೀಳುತ್ತದೆ. ಈ ಗುಣವನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಮಂಗಳದಾಸ ಮಾರ್ಕೆಟ್ಟಿನಲ್ಲಾಗಲಿ ಮನೆಯ ಹತ್ತಿರವಾಗಲಿ ಬಟ್ಟೆ ನೋಡಿದಾಗ ಒಂದು ಚೂರು ಕೇಳಿ ತಂದು, ಎಳೆಯೊಂದನ್ನು ಎಚ್ಚರಿಕೆಯಿಂದ ಸುಟ್ಟು ನೋಡಿರಿ. ಕಾಗದದಂತೆ ಉರಿದು ಬೂದಿಯಾದರೆ ಲಿನನ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಇನ್ನು ಅಳತೆ. ಕಿಟಕಿ 48 ಅಂಗುಲ ಅಗಲ, 60 ಅಂಗುಲ ಎತ್ತರವಿದೆಯೆನ್ನೋಣ. ಮೇಲಿನ ಸರಳಿನ ತೂರು, ಕೆಳಗಿನ ಮಡಿಕೆ ಎಲ್ಲ ಸೇರಿ ಒಂದೊಂದು ಪರದೆಗೆ 72 ಅಂಗುಲ ಬೇಕು. ಬಟ್ಟೆ ನೂರಕ್ಕೆ ಐದರಷ್ಟು ಕುಗ್ಗುವುದೆಂದು ಲೆಕ್ಕ ಹಿಡಿದರೆ 76 ಆಯಿತು. 54 ಅಂಗುಲ ಪನ್ನದ ಬಟ್ಟೆಯಲ್ಲಿ ಎರಡು ಪರದೆಗೆ 4 ಮೀಟರ್ ಸಾಕು. ಕುಗ್ಗಿ, ಅಂಚು ಮಡಿಸಿದ ಮೇಲೂ ಕಿಟಕಿಯ ಅಗಲದ ಎರಡರಷ್ಟು ಉಳಿಯುವುದರಿಂದ ನೆರಿಗೆ ಚೆನ್ನಾಗಿ ಬೀಳುತ್ತದೆ.

ಕತ್ತರಿ ಹಾಕುವ ಮುನ್ನ ಬಟ್ಟೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಡಿರಿ. ಹಿಂಡದೆ ನೆರಳಿನಲ್ಲಿ ಹರವಿ, ಇನ್ನೂ ಹಸಿಯಿರುವಾಗಲೇ ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿರಿ. ಒಳಪದರಿನ ಬಟ್ಟೆಗೂ, ದಿವಾನಿನ ಹೊದಿಕೆಗೂ ಇದೇ ನಿಯಮ. ಕೆಳ ಅಂಚಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಎರಡು ದಿನ ತೂಗುಬಿಟ್ಟು, ಬಟ್ಟೆ ಇಳಿಬಿದ್ದ ಮೇಲೆ ಸರಿಮಾಡಿ ಮಿಶನ್ನು ಓಡಿಸಿರಿ.

ರಸ್ತೆಯ ಧೂಳು ನಮ್ಮ ಕಿಟಕಿಗಳಿಗೆ ನಿತ್ಯದ ಅತಿಥಿ. ಆದುದರಿಂದ ವಾರಕ್ಕೊಮ್ಮೆ ಪರದೆಯನ್ನು ಕೊಡವಿರಿ. ಉಗುರುಬೆಚ್ಚಗಿನ ನೀರು, ಮೃದುವಾದ ಸಾಬೂನು ಸಾಕು. ಬ್ಲೀಚಿಂಗ್ ಪುಡಿ ಬೇಡ. ನೀರಿಳಿದ ಮೇಲೆ ಹಸಿಯಾಗಿಯೇ ಸರಳಿಗೇರಿಸಿದರೆ ಸುಕ್ಕು ತನ್ನ ಭಾರಕ್ಕೆ ತಾನೇ ಬಿಡುತ್ತದೆ.

ಜೂನ್ ತಿಂಗಳ ಮಳೆಗೆ ಮುಂಚೆ ತೆಗೆದಿಡುವ ಪರದೆಗೆ ಗಂಜಿ ಹಾಕಲೇಬಾರದು. ಗಂಜಿಗೆ ಬೂಸ್ಟೂ ಹುಳುವೂ ಹತ್ತುತ್ತವೆ. ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ಬದಲು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿರಿ. ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆಗೆ ಮಡಿಸಿರಿ. ಇಷ್ಟು ಜೋಪಾನ ಮಾಡಿದರೆ ಮನೆಯೊಳಗಿನ ಈ ಗೋಡೆ ಅನೇಕ ವರ್ಷ ನಿಲ್ಲುತ್ತದೆ.