ಮಾತ್ರೆ ಧರ್ಮಕ್ಕೆ, ದಾರಿ ದುಡ್ಡಿಗೆ



"ಎಚ್.ಐ.ವಿ. ಮಾತ್ರೆಯನ್ನು ಸರಕಾರ ಧರ್ಮಕ್ಕೆ ಕೊಡುತ್ತಿದೆ. ಹೋಗಿ ತಂದು ನುಂಗಲು ಇವರಿಗೇನು ಕಷ್ಟ?" ತೋಟದ ಆಫೀಸಿನಲ್ಲಿ, ಬಸ್ಸಿನಲ್ಲಿ, ನಮ್ಮ ಪ್ರಾರ್ಥನಾ ಕೂಟದ ಬಾಗಿಲಲ್ಲಿ ಕೂಡ ಈ ಮಾತನ್ನು ಕೇಳುತ್ತೇವೆ. ಇದಕ್ಕೆ ಉತ್ತರ ಕೊಡದೆ ಸುಮ್ಮನಿರಲು ನಮ್ಮಿಂದಾಗದು.

ಒಪ್ಪಬೇಕಾದ್ದನ್ನು ಮೊದಲು ಒಪ್ಪೋಣ. 2004ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾಯಿತು. ಮೊದಲ ಪಟ್ಟಿಯಲ್ಲೇ ತಮಿಳುನಾಡೂ ಕರ್ನಾಟಕವೂ ಇದ್ದವು. 2017ರಿಂದ, ಸೋಂಕು ಗೊತ್ತಾದವರಿಗೆ ಶಕ್ತಿ ಕುಂದುವ ತನಕ ಕಾಯಿಸದೆ ಔಷಧಿ ಕೊಡಬೇಕೆಂಬ ನಿಯಮವಿದೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡವರು ಎಲ್ಲರಂತೆ ದುಡಿದು ಬಾಳಬಲ್ಲರು. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದರೆ ಗಂಡನಿಂದ ಹೆಂಡತಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ ದೇಹಸಂಪರ್ಕದಿಂದ ಸೋಂಕು ತಗಲುವುದಿಲ್ಲ.

ಇದು ಯಾರ ದಯೆಯಿಂದ ಬಂತು? 1996ರಲ್ಲಿ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಫಲಕಾರಿಯೆಂದು ತಿಳಿದಾಗ ಅದರ ಬೆಲೆ ವರ್ಷಕ್ಕೆ 10,000 ಡಾಲರಿಗೂ ಮೇಲಿತ್ತು. ಸಿರಿವಂತ ದೇಶದ ರೋಗಿ ಬದುಕಿದ, ಆಫ್ರಿಕದ ಬಡವ ಸತ್ತ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿ ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದೆ ಬಂತು. ದಕ್ಷಿಣ ಆಫ್ರಿಕದ ಔಷಧಿ ಕಾನೂನಿನ ವಿರುದ್ಧ ದಾವೆ ಹೂಡಿದ್ದ 39 ಕಂಪೆನಿಗಳು ಅದೇ ವರ್ಷ, ಬೀದಿಗಿಳಿದ ಜನರ ಕೂಗಿನ ನಡುವೆ, ದಾವೆ ಹಿಂತೆಗೆದುಕೊಂಡವು. ಕೇಳದವರ ಮನೆಗೆ ಔಷಧಿ ತಾನಾಗಿ ನಡೆದು ಬರಲಿಲ್ಲ.

ಬೆಲೆಯ ಬೇಲಿ ಬಿತ್ತು, ನಿಜ. ಉಳಿದ ಬೇಲಿಗಳು ಇನ್ನೂ ನಿಂತಿವೆ.

ಮೊದಲನೆಯದು ದಾರಿ. ಚಿಕಿತ್ಸೆ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ, ನಾವು ಗುಡ್ಡದ ಮೇಲಿನ ಲೈನಿನಲ್ಲಿ. ಬೆಳಿಗ್ಗೆ ಮಸ್ಟರಿಗೆ ನಿಲ್ಲದಿದ್ದರೆ ಅಂದಿನ ಕೂಲಿ ಇಲ್ಲ, ಬಸ್ಸಿನ ಚಾರ್ಜು ಬೇರೆ. ತಿಂಗಳು ತಿಂಗಳು ರಜೆ ಕೇಳಿದರೆ ಮೇಸ್ತ್ರಿ "ಎಲ್ಲಿಗೆ?" ಎನ್ನುತ್ತಾನೆ. ಎಷ್ಟು ಸಲ ಸುಳ್ಳು ಹೇಳುವುದು? ಒಂದು ಸಲ ತಪ್ಪುತ್ತದೆ, ಮಾತ್ರೆ ಮುಗಿಯುತ್ತದೆ. ಹೀಗೆ ಬಿಟ್ಟು ಬಿಟ್ಟು ತಿಂದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ಹಿಂದೆಯೇ ಕ್ಷಯ ಕಾದಿರುತ್ತದೆ. ಸಂಬಳದ ಗುಮಾಸ್ತ ಅರ್ಧ ದಿನ ರಜೆ ಹಾಕಿ ತರುವ ಮಾತ್ರೆಗೆ ನಾವು ಒಂದು ದಿನದ ಅನ್ನ ಕೊಡಬೇಕು. ಇದು ಉಚಿತವೇ?

ಬೇರೆ ದಾರಿ ಇಲ್ಲ ಎನ್ನಬೇಡಿ. 2020ರ ಲಾಕ್‌ಡೌನಿನಲ್ಲಿ, ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದವರಿಗೆ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಲು ಸರಕಾರವೇ ಹೇಳಿತು. ಊರೆಲ್ಲ ಬಾಗಿಲು ಹಾಕಿದಾಗ ಆದದ್ದು, ಬಾಗಿಲು ತೆರೆದಿರುವಾಗ ಎಲ್ಲ ಕಡೆಯೂ ಏಕೆ ಆಗಬಾರದು?

ಎರಡನೆಯದು ಮನೆಯೊಳಗಿನ ಬೇಲಿ. ಇಡೀ ಜಗತ್ತಿನ 2023ರ ಲೆಕ್ಕವನ್ನು ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಕೊಟ್ಟಿದೆ. ಸೋಂಕಿರುವ ನೂರು ಹೆಂಗಸರಲ್ಲಿ 83 ಮಂದಿಗೆ ಚಿಕಿತ್ಸೆ ಸಿಕ್ಕಿದೆ, ಗಂಡಸರಲ್ಲಿ 72 ಮಂದಿಗೆ, ಮಕ್ಕಳಲ್ಲಿ ಬರೀ 57ಕ್ಕೆ. ಹೆಂಗಸಿಗೆ ಬಸಿರಿನಲ್ಲಿ ರಕ್ತಪರೀಕ್ಷೆ ಆಗುತ್ತದೆ. ಗಂಡಸು ಹಾಸಿಗೆ ಹಿಡಿದ ಮೇಲೆ ಆಸ್ಪತ್ರೆ ನೆನೆಯುತ್ತಾನೆ. ಮಗು ತಾನಾಗಿ ಹೋಗಲಾರದು, ದೊಡ್ಡವರ ಕೈ ಹಿಡಿದೇ ಹೋಗಬೇಕು. ಆದರೆ ಹೆಂಗಸು ಸುಖವಾಗಿದ್ದಾಳೆಂದು ತಿಳಿಯಬೇಡಿ. ಮೊದಲು ಗೊತ್ತಾಗುವುದು ಅವಳ ರಕ್ತದಲ್ಲಿ, ಆದ್ದರಿಂದ ಮೊದಲ ಬೈಗುಳವೂ ಅವಳಿಗೇ. ಗಂಡನಿಂದ ಬಂದದ್ದಕ್ಕೂ ಮನೆ ಬಿಡಬೇಕಾದವಳು ಅವಳು.

ಮೂರನೆಯ ಬೇಲಿಯನ್ನು ಕಟ್ಟಿದವರು ನಾವೇ. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದಾತನ ಹೆಸರು ಹೇಳುವ ನಾವು ನೆರೆಯವಳ ಲೋಟವನ್ನು ಬೇರೆ ಇಡುತ್ತೇವೆ. ಲೋಟದಿಂದ, ಊಟದಿಂದ, ಕೈ ಹಿಡಿದರೆ ಈ ಸೋಂಕು ಬರುವುದಿಲ್ಲವೆಂದು ತಿಳಿದೂ ಹೀಗೆ ಮಾಡುತ್ತೇವೆ. ಈ ನಾಚಿಕೆ ನಮ್ಮದಾಗಬೇಕೇ ಹೊರತು ಅವಳದಲ್ಲ.

ಕಾನೂನು ನಮ್ಮ ಕಡೆಗಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿನ ನೆಪದಲ್ಲಿ ಕೆಲಸದಲ್ಲಿ ಭೇದ ಮಾಡುವಂತಿಲ್ಲ. ಕೆಲಸ ಕೊಡುವ ಮುನ್ನ ರಕ್ತಪರೀಕ್ಷೆ ಕೇಳುವಂತಿಲ್ಲ. ನೂರು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಅಧಿಕಾರಿಯೊಬ್ಬರಿರಬೇಕು. ನಮ್ಮ ತೋಟದಲ್ಲಿ ಅವರು ಯಾರು? ರೈಟರನ್ನು ಕೇಳಿ ನೋಡಿ.

ನಾವು ಭಿಕ್ಷೆ ಬೇಡುತ್ತಿಲ್ಲ. ಆಸ್ಪತ್ರೆಗೆ ಹೋದ ದಿನದ ಕೂಲಿ ಬೇಕು, ಯಾವ ರೋಗವೆಂದು ಕೇಳದೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಬೇಕು. ಒಪ್ಪಿದವರಿಗೆ ಹತ್ತಿರದ ಆಸ್ಪತ್ರೆಯಲ್ಲೇ, ಗುಟ್ಟು ಕಾಯ್ದು, ಸಿಗಬೇಕು. ಇದನ್ನು ಯೂನಿಯನ್ ಮುಂದಿಡಲಿ, ಸಭೆಯ ಹಿರಿಯರೂ ಜೊತೆ ನಿಲ್ಲಲಿ. ಸೋಂಕಿರುವವರೇ ಮುಂದೆ ಬಂದು ಹೆಸರು ಹೇಳಿ ಕೇಳಲೆಂದು ಕಾಯಬೇಡಿ. ಅವರಿಗಾಗಿ ನಾವೆಲ್ಲ ಕೇಳೋಣ. ಎಲ್ಲರೂ ಕೇಳಿದಾಗ ಯಾರಿಗೆ ಬೇಕಾಗಿತ್ತೆಂದು ದೊರೆಗೂ ಗೊತ್ತಾಗದು, ಮೇಸ್ತ್ರಿಗೂ ಗೊತ್ತಾಗದು.