ಬತ್ತಿ ಹಚ್ಚುವ ಮೊದಲೇ ಉತ್ತರ ಬರೆಸಬೇಡಿ

ತಟ್ಟೆಯಲ್ಲಿ ಒಂದಿಷ್ಟು ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಬತ್ತಿ ಆಮ್ಲಜನಕವನ್ನು ಬಳಸಿಕೊಂಡಿತು, ಖಾಲಿಯಾದ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕ ಎಂದು ಬರೆಸಿ ಪಾಠ ಮುಗಿಸುವುದು ರೂಢಿ. ನಾನೂ ಹಾಗೆಯೇ ಬರೆದು ಅಂಕ ಗಿಟ್ಟಿಸಿದವನು. ಆ ಉತ್ತರ ತಪ್ಪು.

ತಪ್ಪೆಂದು ತೋರಿಸಲು ದೊಡ್ಡ ಪ್ರಯೋಗಾಲಯವೇನೂ ಬೇಡ, ಇನ್ನೆರಡು ಬತ್ತಿ ಸಾಕು. ಅದೇ ಲೋಟದಡಿ ಒಂದರ ಬದಲು ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಮೇಲೇರುತ್ತದೆ. ಲೋಟ ಅದೇ, ಅದರೊಳಗಿನ ಆಮ್ಲಜನಕವೂ ಅಷ್ಟೇ. ಮತ್ತೆ ನೀರೇಕೆ ಹೆಚ್ಚು ಏರಿತು? ಕಣ್ಣಿಟ್ಟು ನೋಡಿದ ಮಕ್ಕಳು ಇನ್ನೆರಡು ಸಂಗತಿ ಹೇಳುತ್ತಾರೆ: ಲೋಟ ಮುಚ್ಚುವ ಹೊತ್ತಿಗೆ ಅಂಚಿನಿಂದ ಗುಳ್ಳೆ ಬಂತು, ಮತ್ತು ನೀರು ಸರ್ರನೆ ಏರಿದ್ದು ಬತ್ತಿ ಆರಿದ ಮೇಲೆ. ಬಿಸಿಗೆ ಹಿಗ್ಗಿದ ಗಾಳಿ ಹೊರಹೋಗಿದೆ, ಉಳಿದದ್ದು ತಣಿದು ಕುಗ್ಗಿದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕಿದೆ. ಮುಖ್ಯ ಕಾರಣ ಇದು. ಉತ್ತರ ಮೊದಲೇ ಬೋರ್ಡಿನ ಮೇಲಿದ್ದರೆ ಗುಳ್ಳೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾಠದ ಈ ಅನುಕ್ರಮವನ್ನೇ ತಿರುಗಿಸಬೇಕೆಂದು ಹೊರಟವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಕಾರ್ಪ್ಲಸ್ ಮತ್ತು ಶಿಕ್ಷಣತಜ್ಞ ಮೈರನ್ ಅಟ್ಕಿನ್. 1962ರಲ್ಲಿ ಅವರು ಮುಂದಿಟ್ಟ ವಿಚಾರ ಸರಳ: ಮಗು ಮೊದಲು ವಸ್ತುವನ್ನು ಮುಟ್ಟಿ ನೋಡಲಿ, ಪರಿಕಲ್ಪನೆಯ ಹೆಸರನ್ನು ಶಿಕ್ಷಕರು ಆಮೇಲೆ ಕೊಡಲಿ, ನಂತರ ಮಗು ಅದನ್ನು ಹೊಸ ಸಂದರ್ಭಕ್ಕೆ ಒಡ್ಡಲಿ. ಇದೇ 'ಕಲಿಕಾ ಚಕ್ರ'. 1980ರ ದಶಕದಲ್ಲಿ ರಾಜರ್ ಬೈಬೀ ಮತ್ತು ಸಂಗಡಿಗರು ಇದನ್ನು ಐದು ಹಂತಕ್ಕೆ ಹಿಗ್ಗಿಸಿದರು. ನಮ್ಮ ಶಿಕ್ಷಕರಿಗೆ ಪರಿಚಿತವಾಗಿರುವ 'ಐದು ಇ' ಮಾದರಿ ಅಲ್ಲಿಂದ ಬಂದದ್ದು.

ಪರಿಚಿತ ಎಂದೆ, ಆದರೆ ಎಲ್ಲಿ? ಪಾಠಯೋಜನೆಯ ಪುಸ್ತಕದಲ್ಲಿ. ಐದು ಅಂಕಣ, ಐದೂ ಭರ್ತಿ, ಕೆಳಗೆ ಮುಖ್ಯ ಶಿಕ್ಷಕರ ಸಹಿ. ತರಗತಿಯಲ್ಲಿ ನಡೆಯುವುದು ಮೂರನೆಯ ಅಂಕಣವಾದ 'ವಿವರಣೆ' ಮಾತ್ರ, ಅದೂ ಮೊದಲ ನಿಮಿಷದಿಂದಲೇ. ಹತ್ತನೇ ತರಗತಿಯ ಪಠ್ಯದ ಮೊದಲ ಚಟುವಟಿಕೆ ಮೆಗ್ನೀಸಿಯಂ ಪಟ್ಟಿ ಉರಿಸುವುದು. ಪುಸ್ತಕವೇ ಚಟುವಟಿಕೆಯ ಬೆನ್ನಿಗೆ ಜ್ವಾಲೆ ಹೇಗಿತ್ತು, ಉಳಿದ ಪುಡಿ ಯಾವುದು ಎಂದು ಹೇಳಿಬಿಡುತ್ತದೆ. ಎರಡು ಸಾಲು ಕೆಳಗೆ ಉತ್ತರ ಇರುವಾಗ ಕಣ್ಣು ಕೋರೈಸುವ ಆ ಬೆಳಕನ್ನು ಯಾಕೆ ನೋಡಬೇಕು?

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ. ಪೋರ್ಷನ್ ಮುಗಿಸುವ ಒತ್ತಡ, ಫಲಿತಾಂಶ ಇಳಿದರೆ ನೋಟಿಸ್, ಡಿಸೆಂಬರ್ ದಾಟುತ್ತಿದ್ದಂತೆ 'ಪಾಸಿಂಗ್ ಪ್ಯಾಕೇಜ್'. 40 ನಿಮಿಷದ ಅವಧಿಯಲ್ಲಿ 60 ಮಕ್ಕಳಿಗೆ ಲೋಟ ಹಂಚಿ, ನೀರು ಒರೆಸಿ, ಚರ್ಚೆಯನ್ನೂ ನಡೆಸಿ ಎಂದು ಹೇಳುವವರು ಒಂದು ವಾರ ಆ ತರಗತಿಯಲ್ಲಿ ನಿಂತು ನೋಡಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮಾರ್ಗದರ್ಶನವಿಲ್ಲದೆ ಮಕ್ಕಳನ್ನು ಅನ್ವೇಷಣೆಗೆ ಬಿಟ್ಟರೆ ಕಲಿಕೆ ಆಗುವುದಿಲ್ಲ ಎಂದು ಶೈಕ್ಷಣಿಕ ಮನೋವಿಜ್ಞಾನಿಗಳಾದ ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ವಾದಿಸಿದರು. ನನಗೆ ಅವರ ಮಾತು ಬಹುಮಟ್ಟಿಗೆ ಸರಿ ಅನ್ನಿಸುತ್ತದೆ. ಬತ್ತಿ ಕೊಟ್ಟು ಸುಮ್ಮನೆ ಕೂತರೆ ಗಾಳಿಯ ಒತ್ತಡ ಎಂಬ ಕಲ್ಪನೆ ಯಾವ ಮಗುವಿಗೂ ತಾನಾಗಿ ಹೊಳೆಯದು. ಆದರೆ ಕಲಿಕಾ ಚಕ್ರ ಶಿಕ್ಷಕರನ್ನು ಸುಮ್ಮನಿರಿಸುವುದಿಲ್ಲ. ಯಾವಾಗ ಮಾತಾಡಬೇಕು ಎಂಬುದನ್ನಷ್ಟೇ ಅದು ಬದಲಿಸುತ್ತದೆ. ಮೂರು ಬತ್ತಿಯ ಒಗಟು ಮುಂದೆ ನಿಂತಾಗ ಕೇಳಿದ ವಿವರಣೆಗೂ, ಒಗಟೇ ಇಲ್ಲದೆ ಕೇಳಿದ ವಿವರಣೆಗೂ ಅಜಗಜಾಂತರ.

ಇದು ನಮ್ಮ ನೆಲದಲ್ಲಿ ನಡೆಯದ ಮಾತು ಎನ್ನುವವರು ಹೋಶಂಗಾಬಾದ್ ಕಡೆ ನೋಡಲಿ. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಿಂದ ಶುರುವಾದ ವಿಜ್ಞಾನ ಕಾರ್ಯಕ್ರಮದ 'ಬಾಲ ವೈಜ್ಞಾನಿಕ' ಪುಸ್ತಕಗಳಲ್ಲಿ ಪ್ರಯೋಗ ಮತ್ತು ಪ್ರಶ್ನೆಗಳಿದ್ದವು, ಸಿದ್ಧ ಉತ್ತರ ಇರಲಿಲ್ಲ. ಮಕ್ಕಳೇ ಗುಂಪಿನಲ್ಲಿ ಮಾಡಿ, ಜಗಳವಾಡಿ, ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಅದರ ಗಟ್ಟಿತನ ಇದ್ದದ್ದು ಪರೀಕ್ಷೆಯಲ್ಲಿ: ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವ ಲಿಖಿತ ಪರೀಕ್ಷೆ, ಜೊತೆಗೆ ಕೈಯಾರೆ ಮಾಡುವ ಪ್ರಾಯೋಗಿಕ ಪರೀಕ್ಷೆ. ಬಾಯಿಪಾಠಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ, ಹಾಗಾಗಿ ಬಾಯಿಪಾಠ ಮಾಡಿಸುವ ಅಗತ್ಯವೂ ಬೀಳಲಿಲ್ಲ. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಅಂಕ ಲಿಖಿತ, 20 ಅಂಕ ಆಂತರಿಕ. ಆ 20ಕ್ಕೆ ಹೆಚ್ಚು ಕಡಿಮೆ ಎಲ್ಲರಿಗೂ 18, 19 ಬೀಳುತ್ತದೆ ಎಂಬುದು ಶಿಕ್ಷಕರ ಕೊಠಡಿಯಲ್ಲಿ ಗುಟ್ಟೇನಲ್ಲ. ಮೇಷ್ಟ್ರು ನೋಡುವುದು 80ರ ಬ್ಲೂಪ್ರಿಂಟನ್ನು. ತರಬೇತಿ ಶಿಬಿರಗಳಿಗೆ ಸುರಿಯುವ ಹಣ, ಹೊಳಪು ಕಾಗದದ ಕೈಪಿಡಿ ಎಲ್ಲವೂ ಈ ಬ್ಲೂಪ್ರಿಂಟಿನ ಮುಂದೆ ಸೋಲುತ್ತವೆ.

ಹಾಗಾಗಿ ಪರೀಕ್ಷಾ ಮಂಡಳಿಗೆ ಒಂದೇ ಕೋರಿಕೆ. ಮುಂದಿನ ಪ್ರಶ್ನೆಪತ್ರಿಕೆಯಲ್ಲಿ, ಪುಸ್ತಕದಲ್ಲಿಲ್ಲದ ಪ್ರಯೋಗವೊಂದರ ಅಳತೆಗಳನ್ನು ಕೊಟ್ಟು 'ಇದರಿಂದ ಏನು ಹೇಳಬಹುದು, ಏನು ಹೇಳಲಾಗದು' ಎಂದು ಕೇಳಿ. ಎಂಟು ಅಂಕ ಇಡಿ. ಜೂನ್ ತಿಂಗಳಲ್ಲಿ ಮೇಣದಬತ್ತಿ ತರಿಸುವ ಕೆಲಸವನ್ನು ಶಾಲೆಗಳು ತಾವೇ ಮಾಡಿಕೊಳ್ಳುತ್ತವೆ.