ಅಚ್ಚು ಅಂದ್ರೆ ಜೆರಾಕ್ಸ್ ಅಲ್ಲ ಸ್ವಾಮಿ

"ಅಚ್ಚು ತಾನೇ? ಎಷ್ಟು ಬೇಕಾದ್ರೂ ತೆಗೀಬಹುದಲ್ವಾ? 200ಕ್ಕೆ ಕೊಡಿ."

ಆಗುಂಬೆಯ ಮಳೆಯನ್ನು ನಾಲ್ಕು ಬಣ್ಣದ ಲಿನೋ ಅಚ್ಚಿನಲ್ಲಿ ಹಿಡಿಯಲು ಒಂದೂವರೆ ತಿಂಗಳು ಒದ್ದಾಡಿದ್ದ ನನಗೆ ಕಲಾಮೇಳವೊಂದರಲ್ಲಿ ಸಿಕ್ಕ ಮರ್ಯಾದೆ ಇದು. ಹಾಗಂದವರು ಪಕ್ಕದ ಮಳಿಗೆಗೆ ಹೋಗಿ, ಜೋಗದ ಫೋಟೋವನ್ನು ಇಂಕ್‌ಜೆಟ್ ಯಂತ್ರದಲ್ಲಿ ತೆಗೆದ ಹಾಳೆಗೆ ಚೌಕಾಸಿಯಿಲ್ಲದೆ 4000 ಕೊಟ್ಟರು. ಮೂಲೆಯಲ್ಲಿ ಪೆನ್ಸಿಲಿನಿಂದ 3/50 ಅಂತ ಬರೆದಿತ್ತು. ಲಿಮಿಟೆಡ್ ಎಡಿಷನ್ ಅಂತೆ!

ಹೊಟ್ಟೆಕಿಚ್ಚು ಅಂದುಕೊಳ್ಳಿ, ಬೇಜಾರಿಲ್ಲ. ಆದರೆ ಲೆಕ್ಕ ಕೇಳಿ. ನಾನು ಕೆತ್ತಿದ್ದು ಒಂದೇ ಲಿನೋ ತುಂಡು. ಮೊದಲು ಮಳೆಯ ಗೆರೆಗಳನ್ನು ಕೆತ್ತಿ ತೆಗೆದೆ, ಅಲ್ಲಿ ಬಿಳಿ ಕಾಗದ ಹಾಗೇ ಉಳಿಯುತ್ತದೆ. ತಿಳಿಬಣ್ಣ ಹಚ್ಚಿ ಎಲ್ಲ ಕಾಗದಗಳಿಗೂ ಒತ್ತಿದೆ. ಅದೇ ತುಂಡನ್ನು ಇನ್ನಷ್ಟು ಕೆತ್ತಿ ಮುಂದಿನ ಬಣ್ಣ. ಕೊನೆಯ ಕಪ್ಪು ಬರುವಷ್ಟರಲ್ಲಿ ಹಿಂದಿನ ಮೂರು ಹಂತವೂ ಮಾಯ. 18 ಕಾಗದದಲ್ಲಿ 7 ಕೆಟ್ಟವು, 11 ಉಳಿದವು. ಹನ್ನೆರಡನೆಯದು ಬೇಕೆಂದರೆ ನನ್ನಿಂದಲೂ ಆಗದು. ಪಕ್ಕದವರ ಫೈಲು ಕಂಪ್ಯೂಟರಿನಲ್ಲೇ ಕೂತಿದೆ. ಐವತ್ತೊಂದನೆಯದನ್ನು ತಡೆಯುವುದು ಅವರ ಬಾಯಿಮಾತು ಮಾತ್ರ.

ಅಚ್ಚು ಅಂದರೆ ಯಾವುದೋ ಮೂಲಚಿತ್ರದ ನಕಲು ಅನ್ನುವ ತಿಳಿವಳಿಕೆಯೇ ತಪ್ಪು. ಸುಮಾರು 1831ರ ಹೊಕುಸಾಯಿಯ ದೊಡ್ಡ ಅಲೆಯನ್ನೇ ತಗೊಳ್ಳಿ. ಜಪಾನಿನ ಆ ಪದ್ಧತಿಯಲ್ಲಿ ಕಲಾವಿದ ತೆಳುಕಾಗದದಲ್ಲಿ ಬರೆದದ್ದನ್ನು ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಅದರ ಮೇಲೆಯೇ ಉಳಿ ಓಡಿಸುತ್ತಿದ್ದರು. ಕೆತ್ತನೆ ಮುಗಿಯುವ ಹೊತ್ತಿಗೆ ಆ ಚಿತ್ರ ನಾಶ. ಹಾಗಾದ್ರೆ ಮೂಲ ಯಾವುದು? ಅಚ್ಚೇ ಮೂಲ. ಪಕ್ಕದ ಚಿತ್ತೂರು ಸೀಮೆಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದ ಕೃಷ್ಣಾ ರೆಡ್ಡಿ ಲೋಹದ ಫಲಕವನ್ನು ಬೇರೆ ಬೇರೆ ಆಳಕ್ಕೆ ಕೆತ್ತಿ, ಎಣ್ಣೆ ಹೆಚ್ಚುಕಮ್ಮಿ ಬೆರೆಸಿದ ಶಾಯಿಗಳನ್ನು ಮೆದು, ಗಟ್ಟಿ ರೋಲರುಗಳಿಂದ ಹಚ್ಚಿ, ಒಂದೇ ಫಲಕದಿಂದ ಹಲವು ಬಣ್ಣ ತೆಗೆದರು. 1963ರ ಅವರ ನೀರಿನ ಸುಳಿ ಹುಟ್ಟಿದ್ದೇ ಆ ಲೋಹದಲ್ಲಿ.

ಇಂಕ್‌ಜೆಟ್ ಹಾಳೆ ಮಾರಬೇಡಿ ಅಂತ ನಾನು ಹೇಳ್ತಿಲ್ಲ. ಪೋಸ್ಟರ್ ಅನ್ನಿ, ಪೋಸ್ಟರಿನ ಬೆಲೆಗೆ ಮಾರಿ. ಹೊಕುಸಾಯಿಯ ಅಚ್ಚುಗಳನ್ನೂ ಊರ ಜನ ಅಗ್ಗಕ್ಕೇ ಕೊಂಡಿದ್ದರು, ಅದರಿಂದ ಅವನ ಮಾನವೇನೂ ಹೋಗಲಿಲ್ಲ. ಆದರೆ ನಮ್ಮ ಹೆಸರನ್ನು ಕದ್ದು ನಮ್ಮನ್ನೇ ಜೆರಾಕ್ಸ್ ಅಂಗಡಿಯವರನ್ನಾಗಿ ಮಾಡಬೇಡಿ. ನನ್ನ ಜೊತೆ ಅಚ್ಚು ಕಲಿತ ಒಂಬತ್ತು ಜನರಲ್ಲಿ ಇವತ್ತು ಪ್ರೆಸ್ಸು ಮುಟ್ಟುವವನು ನಾನೊಬ್ಬನೇ.

ಮುಂದಿನ ಸಲ ಕೊಳ್ಳುವಾಗ ಒಂದೇ ಒಂದು ಪ್ರಶ್ನೆ ಕೇಳಿ: "ಇದರ ಹಲಗೆ ಎಲ್ಲಿದೆ?" ನನ್ನದನ್ನು ತೋರಿಸ್ತೀನಿ ಬನ್ನಿ. ಕಪ್ಪಗೆ ಒತ್ತಿದ ಎರಡು ಮರ ಮಾತ್ರ ಅದರಲ್ಲಿ ಉಳಿದಿವೆ. ಬೇಕಾದ್ರೆ ಅದನ್ನು 200ಕ್ಕೆ ಕೊಡ್ತೀನಿ. ಮಳೆ ಸಿಗಲ್ಲ.